‘ಸಂಕಲ್ಪ’ ಎಂದರೇನು? ಮಾಡುವವರು ಯಾರು?

(ಸಾಲಿನಲ್ಲಿ ನಿಂತಿರುವಾಗ ಓದಿಕೊಳ್ಳಲು ಒಂದು ಸಣ್ಣ ಪಾಠ)



ಬೆಟ್ಟ ಹತ್ತಿ ಬಂದಿದ್ದೀರಿ. ಕೈಯಲ್ಲಿ ಹಣ್ಣುಕಾಯಿ ಇದೆ. ಸಾಲು ಸರಿದು ನಿಮ್ಮ ಸರದಿ ಬಂದಾಗ ಅರ್ಚಕರು ಹೇಳುವ ಮಾತು ಒಂದೇ: “ಹೆಸರು, ಗೋತ್ರ, ನಕ್ಷತ್ರ ಹೇಳಿ, ಸಂಕಲ್ಪ ಮಾಡ್ಕೊಳ್ಳಿ.” ನಾವು ಗಡಿಬಿಡಿಯಲ್ಲಿ ಮನೆಮಂದಿಯ ಹೆಸರೆಲ್ಲ ಒಂದೇ ಉಸಿರಿಗೆ ಹೇಳುತ್ತೇವೆ. ಗೋತ್ರ ಗೊತ್ತಿಲ್ಲದವರು ಪಕ್ಕದವರ ಮುಖ ನೋಡುತ್ತಾರೆ. ಅರ್ಚಕರು ಸಂಸ್ಕೃತದಲ್ಲಿ ಏನೋ ಹೇಳಿ ಮುಗಿಸುತ್ತಾರೆ, ಮಂಗಳಾರತಿ ಆಗುತ್ತೆ, ತೀರ್ಥ ತಗೊಂಡು ಹೊರಗೆ ಬರುತ್ತೇವೆ. “ಸಂಕಲ್ಪ ಮಾಡಿಸಿದ್ರಾ?” ಅಂತ ಯಾರಾದರೂ ಕೇಳಿದರೆ “ಹೂಂ, ಆಯ್ತು” ಅಂತೀವಿ.

ಆಯಿತು, ಸರಿ. ಆದರೆ ಆದದ್ದು ಏನು? ಸಂಕಲ್ಪ ಮಾಡಿದವರು ಅರ್ಚಕರೋ, ನಾವೋ? ಈ ಒಂದು ಪದದ ಅರ್ಥ ತಿಳಿದುಕೊಂಡು ಒಳಗೆ ಹೋದರೆ ನೀವು ಇಷ್ಟು ದೂರ ಬಂದದ್ದಕ್ಕೆ ಬೇರೆಯೇ ಒಂದು ತೂಕ ಬರುತ್ತದೆ. ಅದಕ್ಕಾಗಿ ಈ ಬರಹ.

ಒಂದು ಪ್ರಸಂಗ

ಹಲವು ವರ್ಷಗಳ ಹಿಂದಿನ ಮಾತು. ಆಷಾಢ ಮಾಸ. ಬೆಟ್ಟದ ಮೇಲಿನ ಒಂದು ಸಣ್ಣ ಗುಡಿಯಲ್ಲಿ ನಾನು ಕೂತಿದ್ದೆ. ಮಂಡ್ಯ ಕಡೆಯ ಹಳ್ಳಿಯಿಂದ ಬಂದ ಒಬ್ಬ ತಾಯಿ ಅರ್ಚಕರ ಮುಂದೆ ನಿಂತು, “ನನ್ ಮಗ ಕುಡಿಯಾದು ಬುಡ್ಲಿ ಅಂತ ಸಂಕಲ್ಪ ಮಾಡುಸ್ಬೇಕು ಸ್ವಾಮೇ” ಅಂದರು.

ವಯಸ್ಸಾದ ಅರ್ಚಕರು ಕೇಳಿದರು: “ಮಗ ಬಂದಿದ್ದಾನಾ ತಾಯಿ?”

“ಎಲ್ಲಿ ಬಂದಾನು ಸ್ವಾಮೇ. ಮಲಗವ್ನೆ.”

“ಹಾಗಾದ್ರೆ ಕುಡಿಯೋದು ಬಿಡ್ತೀನಿ ಅನ್ನೋ ಸಂಕಲ್ಪ ಅವನೇ ಮಾಡ್ಬೇಕಮ್ಮ. ಅವನಿಗೆ ಒಳ್ಳೇ ಬುದ್ಧಿ ಬರಲಿ ಅಂತ ಪ್ರಾರ್ಥನೆ ನೀವೂ ಮಾಡಿ, ನಾನೂ ಮಾಡ್ತೀನಿ. ಈಗ ಹೇಳಿ, ನಿಮ್ಮ ಸಂಕಲ್ಪ ಯಾವುದು? ನೀವೇನು ಮಾಡ್ತೀರಿ?”

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಮಗನ ಬಗ್ಗೆ ಕೇಳಲು ಬಂದವರಿಗೆ ತಮ್ಮ ಬಗ್ಗೆ ಪ್ರಶ್ನೆ ಬರುತ್ತದೆ ಅಂತ ಅನಿಸಿರಲಿಲ್ಲ. ಅವರು ಕೊಟ್ಟ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಪದವನ್ನು ನೋಡೋಣ.

ಪದದ ಹುಟ್ಟು

‘ಸಂಕಲ್ಪ’ ಸಂಸ್ಕೃತದಿಂದ ಬಂದ ಪದ. ‘ಸಂ’ ಅಂದರೆ ಚೆನ್ನಾಗಿ, ಒಟ್ಟಾಗಿ. ‘ಕಲ್ಪ’ ಬಂದಿರುವ ಧಾತುವಿಗೆ ಹೊಂದುವುದು, ಸಿದ್ಧವಾಗುವುದು, ರೂಪುಗೊಳ್ಳುವುದು ಎಂಬ ಅರ್ಥಗಳಿವೆ. ಚೆದುರಿದ ಮನಸ್ಸನ್ನು ಒಟ್ಟುಗೂಡಿಸಿ ಒಂದು ರೂಪಕ್ಕೆ ತರುವುದೇ ಸಂಕಲ್ಪ.

ಇದೇ ಧಾತುವಿನ ಮನೆಯ ಮಕ್ಕಳು ನಮ್ಮ ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ಕಣ್ಣಮುಂದೆ ಇಲ್ಲದ್ದಕ್ಕೆ ಮನಸ್ಸಿನಲ್ಲಿ ರೂಪ ಕೊಟ್ಟರೆ ಅದು ಕಲ್ಪನೆ. ಕೇಳಿದ್ದನ್ನು ಕೊಡುವ ಮರ ಕಲ್ಪವೃಕ್ಷ. ಹೀಗೋ ಹಾಗೋ ಅಂತ ಮನಸ್ಸು ಎರಡಾದರೆ ವಿಕಲ್ಪ. ‘ಮನಸ್ಸಲ್ಲಿ ವಿಕಲ್ಪ ಇಟ್ಕೋಬೇಡಪ್ಪ’ ಅಂತ ಹಿರಿಯರು ಹೇಳುವಾಗ ಅನುಮಾನ ಬೇಡ ಅಂತ ಅರ್ಥ. ವ್ಯಾಕರಣದಲ್ಲಿ ವಿಕಲ್ಪ ಅಂದರೆ ‘ಹೀಗೂ ಆಗಬಹುದು, ಹಾಗೂ ಆಗಬಹುದು’ ಎಂಬ ಎರಡು ದಾರಿ. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ ಚಿತ್ತದ ಐದು ವೃತ್ತಿಗಳಲ್ಲಿ ವಿಕಲ್ಪವೂ ಒಂದು. ಅಲ್ಲಿ ಅದರ ಅರ್ಥ, ಮಾತಿದೆ ಆದರೆ ಮಾತಿಗೆ ತಕ್ಕ ವಸ್ತು ಇಲ್ಲ ಅಂತ. ಮೊಲದ ಕೊಂಬು ಅಂದ ಹಾಗೆ.

ಇಲ್ಲಿ ಒಂದು ಎಚ್ಚರ ಬೇಕು. ‘ವಿಕಲ್ಪ’ ಬೇರೆ, ‘ವಿಕಲ’ ಬೇರೆ. ವಿಕಲ ಅಂದರೆ ಒಂದು ಭಾಗ ಊನವಾದದ್ದು, ಕೊರತೆ ಇರುವುದು. ಕೇಳಲು ಒಂದೇ ಥರ ಇದ್ದರೂ ಎರಡಕ್ಕೂ ನೆಂಟಸ್ತನವಿಲ್ಲ.

ಮೆಟ್ಟಿಲ ಬುಡದಲ್ಲಿ ಮನಸ್ಸು ಮಾಡುವ ಕೆಲಸ

ವೇದಾಂತದಲ್ಲಿ ನಮ್ಮ ಒಳಗಿನ ಸಾಧನಕ್ಕೆ ‘ಅಂತಃಕರಣ’ ಎಂದು ಹೆಸರು. ಅದು ಮಾಡುವ ಕೆಲಸವನ್ನು ನೋಡಿ ನಾಲ್ಕು ಹೆಸರಿಟ್ಟಿದ್ದಾರೆ: ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ. ಪುಸ್ತಕದಲ್ಲಿ ಓದಿದರೆ ಕಷ್ಟ ಅನಿಸುತ್ತೆ. ಬೆಟ್ಟದ ಬುಡದಲ್ಲಿ ನಿಂತರೆ ಸುಲಭವಾಗಿ ತಿಳಿಯುತ್ತೆ.

ಮೈಸೂರಿನ ಚಾಮುಂಡಿ ಬೆಟ್ಟವನ್ನೇ ತಗೊಳ್ಳಿ. ಮೆಟ್ಟಿಲು ಸಾವಿರಕ್ಕೂ ಹೆಚ್ಚು. ಬಸ್ಸೂ ಇದೆ. ಬುಡದಲ್ಲಿ ನಿಂತು ಮೇಲೆ ನೋಡುತ್ತೀರಿ.

“ಹತ್ತೋಣ. ಬೇಡ, ಬಸ್ಸಿಗೇ ಹೋಗೋಣ. ಇಲ್ಲ, ಹತ್ತೇಬಿಡೋಣ.” ಹೀಗೆ ಅತ್ತಿತ್ತ ಓಲಾಡುವುದು ಮನಸ್ಸು. ಇದರ ಲಕ್ಷಣವನ್ನೇ ಶಾಸ್ತ್ರ ‘ಸಂಕಲ್ಪ–ವಿಕಲ್ಪ’ ಎಂದು ಹೇಳುತ್ತದೆ.

“ಹೋದ ಸಲ ದೊಡ್ಡ ಬಸವಣ್ಣನ ಹತ್ತಿರ ಬರುವಷ್ಟರಲ್ಲಿ ಮಂಡಿ ನೋವು ಬಂದಿತ್ತು” ಅಂತ ನೆನಪು ತಂದುಕೊಡುವುದು ಚಿತ್ತ.

“ಬೆಳಗಿನ ತಂಪಿದೆ, ನಿಧಾನಕ್ಕೆ ಹೋದರೆ ಆಗುತ್ತೆ. ಹತ್ತುವುದೇ ಸರಿ” ಅಂತ ತೀರ್ಮಾನಕ್ಕೆ ಬರುವುದು ಬುದ್ಧಿ.

ಮೇಲೆ ಬಂದ ಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು “ನಾನು ಹತ್ತಿದೆ ನೋಡು” ಅನ್ನುವುದು ಅಹಂಕಾರ.

ನಾಲ್ಕೂ ಬೇರೆ ಬೇರೆ ವಸ್ತುಗಳಲ್ಲ. ಒಂದೇ ಅಂತಃಕರಣ ಮಾಡುವ ನಾಲ್ಕು ಕೆಲಸ. ಅಡಿಗೆ ಮಾಡುವವಳೂ, ಬಡಿಸುವವಳೂ, ಲೆಕ್ಕ ಬರೆಯುವವಳೂ ಒಬ್ಬಳೇ ಗೃಹಿಣಿ ಇದ್ದ ಹಾಗೆ.

ಹಾಗಾದರೆ ‘ಸಂಕಲ್ಪ’ಕ್ಕೆ ಎರಡು ಬಳಕೆ ಇದೆ ಅಂತ ಆಯಿತು. ಮೊದಲನೆಯದು, ಮನಸ್ಸಿನಲ್ಲಿ ತಾನಾಗಿ ಏಳುವ ‘ಹೀಗೆ ಮಾಡೋಣ’ ಎಂಬ ಅಲೆ. ಎರಡನೆಯದು, ಬುದ್ಧಿ ಒಪ್ಪಿ ಗಟ್ಟಿಯಾಗಿ ನಿಂತ ‘ಹೀಗೆ ಮಾಡುತ್ತೇನೆ’ ಎಂಬ ಮಾತು. ಪೂಜೆಗೆ ಬೇಕಾದದ್ದು ಎರಡನೆಯದು. ಮೊದಲನೆಯದು ದಿನಕ್ಕೆ ಸಾವಿರ ಸಲ ಬಂದು ಹೋಗುತ್ತೆ, ಅದಕ್ಕೆ ಅರ್ಚಕರು ಬೇಕಿಲ್ಲ.

ಛಾಂದೋಗ್ಯ ಉಪನಿಷತ್ತಿನ 7ನೇ ಅಧ್ಯಾಯದಲ್ಲಿ ಒಂದು ಸುಂದರ ಸಂವಾದ ಬರುತ್ತದೆ. ಎಲ್ಲ ವಿದ್ಯೆ ಕಲಿತರೂ ಶೋಕ ಹೋಗಲಿಲ್ಲವೆಂದು ನಾರದರು ಸನತ್ಕುಮಾರರ ಬಳಿ ಬರುತ್ತಾರೆ. ಸನತ್ಕುಮಾರರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತಾರೆ. ಹೆಸರಿಗಿಂತ ಮಾತು ದೊಡ್ಡದು, ಮಾತಿಗಿಂತ ಮನಸ್ಸು ದೊಡ್ಡದು, ಮನಸ್ಸಿಗಿಂತ ಸಂಕಲ್ಪ ದೊಡ್ಡದು ಎನ್ನುತ್ತಾರೆ. ಆದರೆ ಅಲ್ಲಿಗೇ ನಿಲ್ಲಿಸುವುದಿಲ್ಲ. ಸಂಕಲ್ಪಕ್ಕಿಂತ ಚಿತ್ತ, ಅದಕ್ಕಿಂತ ಧ್ಯಾನ ಅಂತ ಮುಂದೆ ಕರೆದುಕೊಂಡು ಹೋಗುತ್ತಾರೆ. ಸಂಕಲ್ಪ ದೊಡ್ಡ ಮೆಟ್ಟಿಲು ಹೌದು, ಶಿಖರವಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಸೆ, ಹರಕೆ, ಪ್ರತಿಜ್ಞೆ, ಸಂಕಲ್ಪ

ಈ ನಾಲ್ಕನ್ನೂ ನಾವು ಕಲಸಿಬಿಡುತ್ತೇವೆ. ಒಂದೇ ವಿಷಯ ಇಟ್ಟುಕೊಂಡು ವ್ಯತ್ಯಾಸ ನೋಡೋಣ. ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಅಂತಿಟ್ಟುಕೊಳ್ಳಿ.

ಆಸೆ: “ಸಕ್ಕರೆ ಹತೋಟಿಗೆ ಬಂದ್ರೆ ಸಾಕಪ್ಪ.”

ಹರಕೆ: “ತಾಯಿ, ಸಕ್ಕರೆ ಇಳಿದ್ರೆ ಬರೋ ಆಷಾಢಕ್ಕೆ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಕೊಂಡು ಬರ್ತೀನಿ.”

ಪ್ರತಿಜ್ಞೆ: “ಜೀವ ಇರೋವರೆಗೂ ಸಿಹಿ ಮುಟ್ಟಲ್ಲ!”

ಸಂಕಲ್ಪ: “ನಾಳೆಯಿಂದ ಬೆಳಿಗ್ಗೆ ಆರು ಗಂಟೆಗೆ ಎದ್ದು ನಮ್ಮೂರ ಕೆರೆ ಏರಿ ಮೇಲೆ ನಡೀತೀನಿ. ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸಲ್ಲ.”

ಇವುಗಳ ಜೊತೆ ನಾವು ಯಾವ ಕ್ರಿಯಾಪದ ಬಳಸುತ್ತೇವೆ ಅಂತ ಗಮನಿಸಿ. ನಮ್ಮ ಭಾಷೆಯೇ ಪಾಠ ಹೇಳುತ್ತದೆ. ಆಸೆ ‘ಪಡುತ್ತೇವೆ’. ಹರಕೆ ‘ಹೊರುತ್ತೇವೆ’, ಆಮೇಲೆ ‘ತೀರಿಸುತ್ತೇವೆ’. ಹೊರುವುದು ಭಾರ, ತೀರಿಸುವುದು ಸಾಲ. ಪ್ರತಿಜ್ಞೆ ‘ಮಾಡುತ್ತೇವೆ’, ಬಹಳ ಸಲ ‘ಮುರಿಯುತ್ತೇವೆ’. ಸಂಕಲ್ಪವನ್ನು ‘ಮಾಡುತ್ತೇವೆ’, ಇಲ್ಲವೇ ‘ತೊಡುತ್ತೇವೆ’. ಬಟ್ಟೆ ತೊಟ್ಟ ಹಾಗೆ ಮೈಗೆ ಹತ್ತಿಸಿಕೊಳ್ಳುತ್ತೇವೆ.

ಹರಕೆ ಕೆಟ್ಟದ್ದು ಅಂತ ಇಲ್ಲಿ ಹೇಳುತ್ತಿಲ್ಲ. ‘ಹರಕೆ’ ಎಂಬ ಕನ್ನಡದ ಪದವೇ ‘ಹರಸು’ ಎಂಬುದರ ನೆಂಟ. ಅದಕ್ಕೆ ಆಶೀರ್ವಾದ ಎಂಬ ಅರ್ಥವೂ ಉಂಟು. ನಮ್ಮ ಅಜ್ಜಿ, ಅಮ್ಮಂದಿರು ಹೊತ್ತ ಹರಕೆಗಳಲ್ಲಿ ಎಷ್ಟು ಪ್ರೀತಿ ಇತ್ತು ಅಂತ ನಮಗೆ ಗೊತ್ತು. ಆದರೆ ಹರಕೆಯಲ್ಲಿ ಮೊದಲ ಹೆಜ್ಜೆ ದೇವರು ಇಡಬೇಕು, ಎರಡನೆಯದು ನಾವು. ‘ಆದರೆ ಮಾಡ್ತೀನಿ’ ಎಂಬುದು ಅದರ ಲೆಕ್ಕ. ಸಂಕಲ್ಪದಲ್ಲಿ ಮೊದಲ ಹೆಜ್ಜೆ ನಮ್ಮದು. ಅಲ್ಲಿ ‘ಆದರೆ’ ಇಲ್ಲ.

ಹರಕೆ ತೀರಿಸಲಾಗದೆ ವರ್ಷಗಟ್ಟಲೆ ಹೆದರಿಕೊಂಡು ಬದುಕುವವರನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ “ಆ ಹರಕೆ ಬಾಕಿ ಇತ್ತಲ್ಲ” ಅಂತ ನಡುಗುತ್ತಾರೆ. ಅಂಥವರಿಗೆ ಒಂದು ಮಾತು: ತಾಯಿ ಬಡ್ಡಿ ವ್ಯಾಪಾರದವಳಲ್ಲ. ಶಕ್ತಿ ಇದ್ದಾಗ, ಇದ್ದಷ್ಟರಲ್ಲಿ ಸಲ್ಲಿಸಿ. ಹೆದರಿಕೆಯನ್ನು ಇಲ್ಲೇ ಬಿಟ್ಟು ಹೋಗಿ.

ಪೂಜೆಯ ಸಂಕಲ್ಪದಲ್ಲಿ ಏನೇನಿದೆ?

ಅರ್ಚಕರು ಬೇಗ ಬೇಗ ಹೇಳುವುದರಿಂದ ನಮಗೆ ತಿಳಿಯುವುದಿಲ್ಲ. ಆದರೆ ಅದು ಒಂದು ಪೂರ್ತಿ ವಿಳಾಸ. ಲಕೋಟೆಯ ಮೇಲೆ ನಾವು ಹೆಸರಿನಿಂದ ಶುರುಮಾಡಿ ಊರು, ತಾಲ್ಲೂಕು, ಜಿಲ್ಲೆ ಅಂತ ಬರೆಯುತ್ತೇವೆ. ಸಂಕಲ್ಪ ಇದಕ್ಕೆ ತಿರುಗುಮುರುಗು. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ.

1. ಕಾಲ: ಬ್ರಹ್ಮನ ಆಯುಸ್ಸಿನ ಎರಡನೆಯ ಅರ್ಧ, ಅದರಲ್ಲಿ ಶ್ವೇತವರಾಹ ಕಲ್ಪ, ಅದರಲ್ಲಿ ಏಳನೆಯದಾದ ವೈವಸ್ವತ ಮನ್ವಂತರ, ಅದರಲ್ಲಿ 28ನೇ ಮಹಾಯುಗದ ಕಲಿಯುಗ, ಅದರ ಮೊದಲ ಪಾದ. ಪುರಾಣದ ಲೆಕ್ಕದಲ್ಲಿ ಒಂದು ಕಲ್ಪಕ್ಕೆ 432 ಕೋಟಿ ವರ್ಷ, ಕಲಿಯುಗಕ್ಕೆ 4,32,000 ವರ್ಷ. ಅಲ್ಲಿಂದ ಪ್ರಭವದಿಂದ ಶುರುವಾಗುವ 60 ಸಂವತ್ಸರಗಳಲ್ಲಿ ಈ ವರ್ಷದ್ದು, ನಂತರ ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ. ಕೋಟಿ ಕೋಟಿ ವರ್ಷದಿಂದ ಇಳಿದು ಬಂದು ‘ಇವತ್ತು’ ಎಂಬಲ್ಲಿ ನಿಲ್ಲುತ್ತದೆ.

2. ಸ್ಥಳ: ಜಂಬೂದ್ವೀಪ, ಭರತವರ್ಷ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ದಿಕ್ಕು, ಆಮೇಲೆ ಈ ಕ್ಷೇತ್ರ, ಈ ದೇವರ ಸನ್ನಿಧಿ. ಕರಾವಳಿಯಲ್ಲಿ ಪರಶುರಾಮ ಕ್ಷೇತ್ರ ಅಂತಲೂ ಸೇರಿಸುತ್ತಾರೆ. ಊರಿಂದ ಊರಿಗೆ ಪಾಠದಲ್ಲಿ ಸ್ವಲ್ಪ ಸ್ವಲ್ಪ ವ್ಯತ್ಯಾಸ ಇರುತ್ತದೆ.

3. ವ್ಯಕ್ತಿ: ಗೋತ್ರ, ನಕ್ಷತ್ರ, ರಾಶಿ, ಹೆಸರು. ಗೋತ್ರ ಗೊತ್ತಿಲ್ಲದವರು ಮುಜುಗರಪಡಬೇಕಿಲ್ಲ. ಕಾಶ್ಯಪ ಗೋತ್ರ ಅಂತ ಹೇಳುವ ರೂಢಿ ಬಹಳ ಕಡೆ ಇದೆ. ನಕ್ಷತ್ರ ಗೊತ್ತಿಲ್ಲದಿದ್ದರೆ ಬರೀ ಹೆಸರು ಸಾಕು.

4. ಉದ್ದೇಶ ಮತ್ತು ಕೆಲಸ: ಯಾತಕ್ಕಾಗಿ, ಯಾವ ಪೂಜೆ.

5. ಕೊನೆಯ ಪದ: ‘ಕರಿಷ್ಯೇ’.

ಈ ಕೊನೆಯ ಪದದಲ್ಲೇ ಎಲ್ಲ ಇದೆ. ‘ಕರಿಷ್ಯೇ’ ಅಂದರೆ ‘ಮಾಡುತ್ತೇನೆ’. ಸಂಸ್ಕೃತದಲ್ಲಿ ಇದೇ ಅರ್ಥಕ್ಕೆ ‘ಕರಿಷ್ಯಾಮಿ’ ಎಂಬ ಇನ್ನೊಂದು ರೂಪವೂ ಉಂಟು. ಕೆಲಸದ ಫಲ ಮಾಡುವವನಿಗೇ ಸೇರುವಾಗ ‘ಕರಿಷ್ಯೇ’ ಎಂಬಂಥ ರೂಪ ಬರುತ್ತದೆ ಅಂತ ಪಾಣಿನಿಯ ವ್ಯಾಕರಣ ಹೇಳುತ್ತದೆ. ಇದಕ್ಕೆ ‘ಆತ್ಮನೇಪದ’ ಎಂದು ಹೆಸರು, ಅಂದರೆ ತನಗಾಗಿ ಇರುವ ಪದ. ಇಡೀ ಬ್ರಹ್ಮಾಂಡದ ಕಾಲದಿಂದ ಇಳಿದು ಬಂದ ಅಷ್ಟು ದೊಡ್ಡ ವಾಕ್ಯ ಕೊನೆಗೆ ಬಂದು ನಿಲ್ಲುವುದು ‘ನಾನು ಮಾಡುತ್ತೇನೆ’ ಎಂಬಲ್ಲಿ. ‘ಮಾಡಿಕೊಡಪ್ಪ’ ಎಂಬಲ್ಲಿ ಅಲ್ಲ.

ಆಮೇಲೆ ಕೈಯಲ್ಲಿದ್ದ ಅಕ್ಷತೆಯನ್ನು ನೀರಿನ ಜೊತೆ ತಟ್ಟೆಗೆ ಬಿಡುತ್ತೇವೆ. ಹಿಡಿದದ್ದನ್ನು ಬಿಡುವುದು ಯಾಕೆ? ಕೆಲಸ ನನ್ನದು, ಫಲ ಮಾತ್ರ ನನ್ನ ಹಿಡಿತದಲ್ಲಿ ಇಲ್ಲ ಅಂತ ಒಪ್ಪಿಕೊಂಡ ಗುರುತು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಈ ಕ್ರಮದ ಹಿಂದೆ ಮನಸ್ಸಿನ ಒಂದು ಗುಟ್ಟೂ ಇದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೊಲ್ವಿಟ್ಸರ್ 1999ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನದಲ್ಲಿ ಇದರ ಬಗ್ಗೆ ಹೇಳಿದ್ದಾರೆ. ಬರೀ ‘ಮಾಡಬೇಕು’ ಅಂದುಕೊಂಡವರಿಗಿಂತ ‘ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ, ಹೀಗೆ ಮಾಡುತ್ತೇನೆ’ ಅಂತ ಮೊದಲೇ ಗೊತ್ತುಮಾಡಿಕೊಂಡವರು ಆ ಕೆಲಸವನ್ನು ಹೆಚ್ಚು ಮಟ್ಟಿಗೆ ಮಾಡಿ ಮುಗಿಸುತ್ತಾರಂತೆ. ಅವರು ನಮ್ಮ ಪೂಜೆಯನ್ನು ನೋಡಿ ಬರೆದವರಲ್ಲ. ಆದರೆ ಕಾಲ, ಸ್ಥಳ, ಕರ್ತೃ, ಕೆಲಸ ಈ ನಾಲ್ಕನ್ನೂ ಬಾಯಿಬಿಟ್ಟು ಹೇಳಿಸುವ ನಮ್ಮ ಹಿರಿಯರ ಕ್ರಮದಲ್ಲೂ ಇದೇ ತಿಳಿವಳಿಕೆ ಇದೆ ಅಲ್ಲವೇ?

“ಗೀತೆ ಸಂಕಲ್ಪ ಬಿಡು ಅನ್ನುತ್ತಲ್ಲ ಸ್ವಾಮಿ?”

ಓದಿಕೊಂಡವರು ಈ ಪ್ರಶ್ನೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಭಗವದ್ಗೀತೆಯ 6ನೇ ಅಧ್ಯಾಯದ 2 ಮತ್ತು 4ನೇ ಶ್ಲೋಕಗಳಲ್ಲಿ ಸಂಕಲ್ಪವನ್ನು ಬಿಡದವನು ಯೋಗಿಯಾಗಲಾರ ಎಂಬ ಭಾವ ಇದೆ. ಇತ್ತ ಶುಕ್ಲ ಯಜುರ್ವೇದದ 34ನೇ ಅಧ್ಯಾಯದ ಮೊದಲ ಆರು ಮಂತ್ರಗಳಿಗೆ ‘ಶಿವಸಂಕಲ್ಪ ಸೂಕ್ತ’ ಎಂದೇ ಹೆಸರು. ನನ್ನ ಮನಸ್ಸು ಮಂಗಳಕರವಾದ ಸಂಕಲ್ಪ ಉಳ್ಳದ್ದಾಗಲಿ ಎಂಬುದು ಅಲ್ಲಿಯ ಪ್ರಾರ್ಥನೆ. ಒಂದು ಬಿಡು ಅನ್ನುತ್ತದೆ, ಇನ್ನೊಂದು ಬೇಕು ಅನ್ನುತ್ತದೆ. ಯಾವುದು ಸರಿ?

ಎರಡೂ ಸರಿ. ಅದೇ ಅಧ್ಯಾಯದ 24ನೇ ಶ್ಲೋಕದಲ್ಲಿ ಬಿಡಬೇಕಾದದ್ದು ಯಾವುದು ಅಂತ ಸುಳಿವಿದೆ: ಸಂಕಲ್ಪದಿಂದ ಹುಟ್ಟುವ ಕಾಮನೆಗಳು. ‘ಇದು ಸಿಕ್ಕಿದರೆ ನಾನು ಸುಖಿ, ಅದು ಸಿಕ್ಕಿದರೆ ನಾನು ದೊಡ್ಡವ’ ಅಂತ ಮನಸ್ಸು ಹೆಣೆಯುತ್ತಲೇ ಇರುತ್ತದಲ್ಲ, ಆ ಬಲೆ. ನಾವು ಮೊದಲು ಹೇಳಿದ, ತಾನಾಗಿ ಏಳುವ ಅಲೆಗಳ ಕಥೆ ಅದು. ಆ ಸಾವಿರ ಅಲೆಗಳನ್ನು ಒಂದೇ ಸಲ ನಿಲ್ಲಿಸಲು ನಮ್ಮಂಥವರಿಗೆ ಆಗದು. ಅದಕ್ಕೇ ಮೊದಲು ಸಾವಿರವನ್ನು ಒಂದು ಮಾಡಿ, ಆ ಒಂದನ್ನೂ ದೇವರ ಪಾದಕ್ಕೆ ಬಿಡಿ ಅಂತ ಪೂಜೆ ಕಲಿಸುತ್ತದೆ. ಸನತ್ಕುಮಾರರು ಸಂಕಲ್ಪದ ಮೆಟ್ಟಿಲಲ್ಲಿ ನಿಲ್ಲದೆ ಮುಂದೆ ಹೋದದ್ದೂ ಇದಕ್ಕೇ.

ಒಂದು ಎಚ್ಚರಿಕೆ

‘ಸಂಕಲ್ಪ ಗಟ್ಟಿ ಇದ್ದರೆ ಏನು ಬೇಕಾದರೂ ಆಗುತ್ತೆ’ ಅಂತ ಭಾಷಣದಲ್ಲಿ ಕೇಳುತ್ತೇವೆ. ಕೇಳಲು ಚೆನ್ನ. ಆದರೆ ಈ ಮಾತನ್ನು ನೊಂದವರ ಮೇಲೆ ಎಸೆಯಬೇಡಿ. ತಿಂಗಳುಗಟ್ಟಲೆ ಮಂಕಾಗಿ ಕೂತವರಿಗೆ, ಊಟ ನಿದ್ದೆ ಬಿಟ್ಟವರಿಗೆ, ಸಾಯಬೇಕು ಅಂತ ಅನಿಸುತ್ತಿರುವವರಿಗೆ “ನಿನ್ನ ಮನಸ್ಸೇ ಗಟ್ಟಿ ಇಲ್ಲ” ಅಂದರೆ ಗಾಯದ ಮೇಲೆ ಬರೆ ಎಳೆದ ಹಾಗೆ. ಸಂಕಲ್ಪ ಮಾಡುವ ಮನಸ್ಸಿಗೇ ಕಾಯಿಲೆ ಬಂದಾಗ ಮೊದಲು ಆ ಮನಸ್ಸಿಗೆ ಮದ್ದು ಬೇಕು. ಕುಡಿತದ ಚಟವೂ ಹಾಗೇ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವುದು, ಮತಿ ತಪ್ಪುವುದು ಉಂಟು. ವೈದ್ಯರ ಸಲಹೆ ಪಡೆದೇ ಬಿಡಿಸಬೇಕು. ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ‘ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ’ ಎಂಬುದೂ ಒಳ್ಳೆಯ ಸಂಕಲ್ಪವೇ.

ನೀವು ಹೀಗೆ ಮಾಡಿ

1. ಸಾಲಿನಲ್ಲಿ ನಿಂತಿರುವಾಗ ಮೊಬೈಲ್ ಒಳಗಿಟ್ಟು, ಬಂದ ಕಾರಣವನ್ನು ನೆನೆಯಿರಿ. ಹತ್ತು ಕಾರಣ ಇದ್ದರೆ ಒಂದನ್ನು ಆರಿಸಿಕೊಳ್ಳಿ.

2. ಅದರಲ್ಲಿ ದೇವರು ಮಾಡಬೇಕಾದದ್ದು ಯಾವುದು, ನಾನು ಮಾಡಬೇಕಾದದ್ದು ಯಾವುದು ಅಂತ ಬೇರೆ ಮಾಡಿ. ಮೊದಲನೆಯದು ಪ್ರಾರ್ಥನೆ. ಎರಡನೆಯದು ಸಂಕಲ್ಪ.

3. ಸಂಕಲ್ಪ ಚಿಕ್ಕದಿರಲಿ. ಊರಿಗೆ ಹೋದ ಮಾರನೇ ದಿನವೇ ಮಾಡಲು ಆಗುವಂಥದ್ದಿರಲಿ. ‘ಅಣ್ಣನ ಜೊತೆ ಮಾತು ಬಿಟ್ಟು ಮೂರು ವರ್ಷ ಆಯ್ತು, ಸೋಮವಾರ ನಾನೇ ಅವನ ಮನೆಗೆ ಹೋಗ್ತೀನಿ’ ಅಂದರೆ ಸಾಕು.

4. ಅರ್ಚಕರು ನಿಮ್ಮ ಹೆಸರು ಹೇಳಿದ ಕ್ಷಣ, ನಿಮ್ಮ ಮಾತಿನಲ್ಲೇ, ಕನ್ನಡದಲ್ಲೇ, ಮನಸ್ಸಿನೊಳಗೆ ‘ಮಾಡ್ತೀನಿ’ ಅಂತ ಹೇಳಿಕೊಳ್ಳಿ.

5. ನಡುವೆ ತಪ್ಪಿದರೆ ಹೆದರಬೇಡಿ. ಪೂಜೆಗೆ ಕೂತಾಗಲೆಲ್ಲ ಸಂಕಲ್ಪವನ್ನು ಹೊಸದಾಗಿ ಹೇಳುತ್ತೇವೆ. ತಿಥಿ ಬದಲಾಗಿರುತ್ತದೆ, ನಕ್ಷತ್ರ ಬದಲಾಗಿರುತ್ತದೆ. ನಾಳೆ ಮತ್ತೆ ಶುರುಮಾಡಿ.

ಆ ತಾಯಿಯ ಉತ್ತರ

ಸುಮ್ಮನೆ ನಿಂತಿದ್ದ ಆ ತಾಯಿ ಕೊನೆಗೆ ಹೇಳಿದರು: “ನಾನು ಅವನ ಕೈಗೆ ದುಡ್ಡು ಕೊಡಾಕಿಲ್ಲ ಸ್ವಾಮೇ. ಡೈರಿಗೆ ಹಾಲು ಹಾಕಿದ್ ದುಡ್ಡು ಬಂದ್ ದಿನ್ವೇ ಸೊಸೆ ಕೈಗೆ ಕೊಟ್ಬುಡ್ತೀನಿ. ಅವ್ನು ಕಿರುಚಾಡುದ್ರೂ ಕೊಡಾಕಿಲ್ಲ.”

ಅರ್ಚಕರು ಆ ಮಾತನ್ನೇ ಇಟ್ಟುಕೊಂಡು ಸಂಕಲ್ಪ ಮಾಡಿಸಿದರು. ಆಕೆಯ ಕೈಯಿಂದಲೇ ನೀರು ಬಿಡಿಸಿದರು.

ಎರಡು ವರ್ಷದ ಮೇಲೆ ಆಷಾಢದಲ್ಲೇ ಅವರು ಮತ್ತೆ ಸಿಕ್ಕಿದರು. ಮೊಮ್ಮಗಳ ಕೈ ಹಿಡಿದಿದ್ದರು. “ಮಗ ಹೇಗಿದ್ದಾನಮ್ಮ?” ಅಂತ ಕೇಳಿದೆ. “ಪೂರ್ತಿ ಬುಟ್ಟಿಲ್ಲ ಕಣಪ್ಪ. ಆಸ್ಪತ್ರೆಗೆ ಒಂದ್ಸಲ ಬಂದ, ತಿರುಗಾ ಸುರು ಮಾಡ್ದ. ಈಗ ಇನ್ನೊಂದ್ಸಲ ಬತ್ತೀನಿ ಅಂದವ್ನೆ. ನಾನು ಮಾತ್ರ ದುಡ್ಡು ಕೊಟ್ಟಿಲ್ಲ. ಈ ಮಗು ಇಸ್ಕೂಲ್ ಫೀಜು ಕಟ್ಟಿದ್ದು ಅದ್ರಲ್ಲೇ” ಅಂದರು.

ಮಗನದು ಇನ್ನೂ ದಾರಿಯಲ್ಲಿದೆ. ತಾಯಿಯ ಸಂಕಲ್ಪ ಮಾತ್ರ ನಡೆದಿದೆ. ಆ ಮಗು ಶಾಲೆಗೆ ಹೋಗುತ್ತಿದೆ.

ಈಗ ನಿಮ್ಮ ಸರದಿ ಹತ್ತಿರ ಬಂದಿರಬಹುದು. ಅರ್ಚಕರು ಹೆಸರು ಕೇಳುತ್ತಾರೆ. ಹೇಳುವ ಮುಂಚೆ ಒಂದು ಕ್ಷಣ ನಿಂತು ನಿಮ್ಮನ್ನೇ ಕೇಳಿಕೊಳ್ಳಿ: ನಾನೇನು ಮಾಡ್ತೀನಿ?

ಶುಭಮಸ್ತು.